ಬೋರ್ಡಿನ ಮೇಲೆ ಯಾವ ವರ್ಷ ಬರೆಸೋದು?

ನಗರ್ತಪೇಟೆ ಮಗಳು:
ಎಲ್ಲರಿಗೂ ನಮಸ್ಕಾರ. ನಮ್ಮದು ಬೆಂಗಳೂರಿನ ನಗರ್ತಪೇಟೆಯಲ್ಲಿ ಚಿನ್ನದ ಕೆಲಸದ ಮನೆತನ. ಅಂಗಡಿಗಳಿಗೆ ಅಡ್ಡಿಗೆ, ಕಟ್ಟಾಣಿ, ಅವಲಕ್ಕಿ ಸರದಂಥ ಕೊರಳ ಒಡವೆ ಮಾಡಿಕೊಡ್ತೀವಿ. ಈಗ ಹನ್ನೊಂದು ಜನ ಕೆಲಸಗಾರರಿದ್ದಾರೆ, ಕಂಪನಿ ಅಂತ ರಿಜಿಸ್ಟರ್ ಕೂಡ ಆಗಿದೆ. ಹೊಸ ಬೋರ್ಡಿನಲ್ಲಿ ‘ಸ್ಥಾಪನೆ’ ಅಂತ ಯಾವ ವರ್ಷ ಹಾಕಬೇಕು ಅನ್ನೋದಕ್ಕೆ ಮನೆಯಲ್ಲಿ ಮಾತಿಗೆ ಮಾತು ಬೆಳೆದಿದೆ.

ಅಟ್ಟದ ಮೇಲೆ ಮುತ್ತಾತನ ಲೆಕ್ಕದ ಪುಸ್ತಕ ಸಿಕ್ತು. ಮೊದಲ ಹಾಳೆಗಳೆಲ್ಲ ಗೆದ್ದಲ ಪಾಲು. ಉಳಿದಿರೋದರಲ್ಲಿ ಮೊದಲ ಸಾಲು: ‘ಭಾವ ಸಂವತ್ಸರ ಮಾಘ ಶು. 5, ಅಡ್ಡಿಗೆ 1ಕ್ಕೆ ಚಿನ್ನ 3 ತೊಲ, ತೊಲಕ್ಕೆ 35 ರೂ. 8 ಆಣೆ.’ ಇಸವಿ ಎಲ್ಲೂ ಇಲ್ಲ. ಅಣ್ಣ ಸಂವತ್ಸರ ಎಣಿಸಿ 1874 ಅಂತಾನೆ. ಸಿ. ಕೃಷ್ಣಯ್ಯ ಚೆಟ್ಟಿಯವರ ಅಂಗಡಿ 1869ರದು, ನಾವೂ ಹೆಚ್ಚುಕಮ್ಮಿ ಅದೇ ಕಾಲದವರು ಅಂತ ಅವನಿಗೆ ಹಿಗ್ಗು. ಅಪ್ಪ ಮಾತ್ರ 1990 ಅಂತ ಪಟ್ಟು ಹಿಡಿದಿದ್ದಾರೆ. ತಾತ 1963ರಲ್ಲಿ ಚಿನ್ನ ಬಿಟ್ಟು ಬೆಳ್ಳಿ ಕಾಲುಂಗುರ, ಉಡಿದಾರ ಮಾಡ್ಕೊಂಡಿದ್ರು. ‘ಇಪ್ಪತ್ತೇಳು ವರ್ಷ ನಮ್ಮ ಮೂಸೆಗೆ ಚಿನ್ನ ಬಿದ್ದಿಲ್ಲ, ಸುಳ್ಳು ಬರೆಸಬೇಡಿ’ ಅಂತಾರೆ. ತಿಳಿದವರು ಹೇಳಿ.

ಹಳೇ ಲೆಕ್ಕ:
ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತೆ. ಭಾವ ಅಂದರೆ 1874-75, 1934-35 ಅಥವಾ 1994-95. ಆಣೆ ಲೆಕ್ಕ ಇರೋದರಿಂದ 1957ರ ಏಪ್ರಿಲ್‌ಗಿಂತ ಹಿಂದಿನದು, ನಯಾ ಪೈಸೆ ಬಂದಿದ್ದು ಆಗ. ಉಳಿದ ಎರಡರಲ್ಲಿ ಯಾವುದು ಅನ್ನೋದನ್ನ ಚಿನ್ನದ ಬೆಲೆಯೇ ಹೇಳುತ್ತೆ. 1874ರಲ್ಲಿ ಒಂದು ಸವರನ್ನಿಗೆ (ಬ್ರಿಟಿಷರ ಚಿನ್ನದ ನಾಣ್ಯ) ಸುಮಾರು ಹತ್ತು ರೂಪಾಯಿ, ಆ ಲೆಕ್ಕದಲ್ಲಿ ತೊಲ ಹದಿನಾರರ ಆಸುಪಾಸು. ಮೂವತ್ತೈದೂವರೆ ಆಗಲು ಸಾಧ್ಯವೇ ಇಲ್ಲ. 1931ರ ಸೆಪ್ಟೆಂಬರಿನಲ್ಲಿ ಬ್ರಿಟನ್ ತನ್ನ ಪೌಂಡನ್ನು ಚಿನ್ನದಿಂದ ಬಿಡಿಸಿಕೊಂಡ ಮೇಲೆ ಇಲ್ಲಿ ದರ ಏರಿತು. ಕಷ್ಟದಲ್ಲಿದ್ದ ಮನೆಗಳು ಒಡವೆ ಮಾರಿಕೊಂಡ ಕಾಲ ಅದು. ನಿಮ್ಮ ಮುತ್ತಾತನ ಆ ಸಾಲು 1935ರ ಫೆಬ್ರವರಿಯದು. ಪುಸ್ತಕ ಅದಕ್ಕೂ ಮುಂಚೆ ಶುರುವಾಗಿದೆ ಅನ್ನಿ, ಗೆದ್ದಲು ತಿಂದ ಹಾಳೆಗಳಿವೆಯಲ್ಲ.

ಶಿರಸಿಯ ಅಕ್ಕಸಾಲಿ:
ತಂಗೀ, ನಿಮ್ಮ ಅಪ್ಪನವರ ಮಾತು ಓದಿ ಸುಮ್ಮನಿರಲಾಗಲಿಲ್ಲ. ನನಗೀಗ 72. 1963ರ ಜನವರಿಯಲ್ಲಿ ಸರ್ಕಾರದ ಗೋಲ್ಡ್ ಕಂಟ್ರೋಲ್ ನಿಯಮ ಬಂದಾಗ ಅಪ್ಪನ ಪಕ್ಕ ಕೂತು ಊದುಕೊಳವೆ ಹಿಡಿಯೋದು ಕಲೀತಿದ್ದೆ. ಚೀನಾ ಯುದ್ಧ ಆಗಷ್ಟೇ ಮುಗಿದಿತ್ತು, ಮೊರಾರ್ಜಿ ದೇಸಾಯಿ ಹಣಕಾಸು ಮಂತ್ರಿ. 14 ಕ್ಯಾರಟ್‌ಗಿಂತ ಹೆಚ್ಚಿನ ಒಡವೆ ಮಾಡಕೂಡದು ಅಂದರು. ಅಂದರೆ ನೂರಕ್ಕೆ ಸುಮಾರು ಐವತ್ತೆಂಟು ಪಾಲು ಚಿನ್ನ, ಮಿಕ್ಕಿದ್ದು ತಾಮ್ರ, ಬೆಳ್ಳಿ.

ಅಡ್ಡಿಗೆ ಮಾಡೋರಿಗೆ ಅದರರ್ಥ ಏನು ಅಂತ ಹೇಳ್ತೇನೆ. 22 ಕ್ಯಾರಟ್‌ನ ತೆಳು ತಗಡನ್ನು ಕಂಚಿನ ಅಚ್ಚಿನ ಮೇಲಿಟ್ಟು, ಅದರ ಮೇಲೆ ಸೀಸದ ತುಂಡಿಟ್ಟು ಸುತ್ತಿಗೆಯಲ್ಲಿ ಹದವಾಗಿ ಬಡಿದರೆ ನವಿಲಿನ ಕಣ್ಣು ಸಮೇತ ಮೂಡುತ್ತೆ. 14ರ ತಗಡು ಗಡಸು. ಕಾಸಬೇಕು, ಆರಿಸಬೇಕು, ಮತ್ತೆ ಕಾಸಬೇಕು, ಆದರೂ ಅಂಚಿನಲ್ಲಿ ಸೀಳುತ್ತಿತ್ತು. ಬಣ್ಣ ಕೆಂಪು. ಮದುವೆ ಮನೆಯವರು ಕೈಯಲ್ಲಿ ಹಿಡಿದು ನೋಡಿ ವಾಪಸ್ ಇಟ್ಟು ಹೋಗೋರು. ಊರೂರಲ್ಲಿ ಅಕ್ಕಸಾಲಿಗರು ಕೆಲಸವಿಲ್ಲದೆ ಕೂತರು, ಪ್ರಾಣ ಕಳಕೊಂಡವರೂ ಇದ್ದಾರೆ. 1966ರಲ್ಲಿ 14ರ ಕಟ್ಟು ಸಡಿಲಾಯ್ತು. ಆಮೇಲೆ 1968ರ ಕಾಯಿದೆ, ಸರ್ಟಿಫಿಕೇಟು, ರಿಜಿಸ್ಟರು, ತಪಾಸಣೆ. ಅದು ರದ್ದಾಗಿದ್ದು 1990ರಲ್ಲಿ.

ಆ ಕಾಲದಲ್ಲಿ ನಿಮ್ಮ ತಾತ ಬೆಳ್ಳಿ ಹಿಡಿದು ಕುಲುಮೆ ಆರದಂತೆ ನೋಡಿಕೊಂಡರಲ್ಲ, ಅದನ್ನು ಲೆಕ್ಕಕ್ಕಿಲ್ಲ ಅನ್ನೋದು ಅವರಿಗೆ ಮಾಡೋ ಅನ್ಯಾಯ. ಒಂದು ಕೇಳ್ತೇನೆ: ಮುತ್ತಾತನ ಕಂಚಿನ ಅಚ್ಚುಗಳು ಮನೆಯಲ್ಲಿವೆಯೇ? ನಮ್ಮಪ್ಪ ಆ ವರ್ಷ ಎಲ್ಲವನ್ನೂ ಕಂಚಿನ ತೂಕಕ್ಕೆ ಮಾರಿದರು. ಗಾಡಿಗೆ ಹಾಕುವಾಗಿನ ಸದ್ದು ಇನ್ನೂ ಕಿವಿಯಲ್ಲಿದೆ. ಮತ್ತೆ ಚಿನ್ನ ಮಾಡುವ ಆಸೆ ಇಲ್ಲದವರು ಅಚ್ಚು ಉಳಿಸಿಕೊಳ್ಳೋಲ್ಲ.

ನಗರ್ತಪೇಟೆ ಮಗಳು:
ನಿಮ್ಮ ಉತ್ತರವನ್ನ ಅಪ್ಪನಿಗೆ ಓದಿ ಹೇಳಿದೆ. ಏನೂ ಮಾತಾಡದೆ ಎದ್ದು ಹೋಗಿ, ದೇವರ ಕೋಣೆಯ ಮರದ ಪೆಟ್ಟಿಗೆ ತಂದು ಮುಂದಿಟ್ಟರು. ತಾತನ ಹಳೇ ಪಂಚೆಯಲ್ಲಿ ಒಂದೊಂದಾಗಿ ಸುತ್ತಿಟ್ಟ ಹದಿನಾಲ್ಕು ಅಚ್ಚು! ಒಂದರ ಹಿಂದೆ ಮೊಳೆಯಲ್ಲಿ ಗೀಚಿದ ಹಾಗೆ ‘ಭಾವ’ ಅಂತಿದೆ. ಇವು ಮನೇಲಿವೆ ಅಂತ ನಮ್ಮಿಬ್ಬರಿಗೂ ಗೊತ್ತೇ ಇರಲಿಲ್ಲ. ಅಣ್ಣ 1874 ಬಿಟ್ಟ, ಅಪ್ಪ 1990 ಬಿಟ್ಟರು. 1935 ಅಂತ ಬರೆಸ್ತಿದ್ದೀವಿ, ಹೆಸರಿನ ಕೆಳಗೆ ‘ಚಿನ್ನ, ಬೆಳ್ಳಿ’ ಎರಡೂ ಇರಬೇಕು ಅಂತ ಅಪ್ಪನ ಹಟ. ಅಚ್ಚುಗಳಿಗೆ ಹಸಿರು ಕಿಲುಬು ಹತ್ತಿದೆ. ಹುಣಸೆಹಣ್ಣು ಹಾಕಿ ಉಜ್ಜಬಹುದಾ?

ಶಿರಸಿಯ ಅಕ್ಕಸಾಲಿ:
ಬೇಡ ತಂಗೀ, ಹುಳಿ ಮುಟ್ಟಿಸಬೇಡಿ, ಸಣ್ಣ ಗೆರೆ ಸವೆದು ಹೋಗುತ್ತೆ. ಅಂಟುವಾಳದ ನೀರಲ್ಲಿ ನೆನೆಸಿ, ಮೆತ್ತನೆ ಬ್ರಷ್ಷಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ. ‘ಭಾವ’ ಅಂತಿರೋದರ ಫೋಟೋ ಹಾಕಿ, ನೋಡ್ಬೇಕು.