ಶಂಖಪುಷ್ಪದ ಬೀಜ ಯಾಕೆ ಮೊಳೆಯುತ್ತಿಲ್ಲ?

ಪ್ರಶ್ನೆ (ಹೊಸನಗರದಿಂದ): ನರ್ಸರಿ ಅಣ್ಣನಿಗೆ ನಮಸ್ಕಾರ. ಅಂಗಳದ ತಂತಿ ಬೇಲಿಗೆ ನೀಲಿ ಶಂಖಪುಷ್ಪ ಹಬ್ಬಿಸಬೇಕು ಅಂತ ಆಸೆ. ಕಳೆದ ವರ್ಷ ತವರಿನಿಂದ ಬೀಜ ತಂದು ಜೂನ್‌ನಲ್ಲಿ 12 ಹಾಕಿದ್ದೆ. ಎರಡೇ ಎರಡು ಹುಟ್ಟಿದವು, ಅವೂ ಮಳೆಗೆ ಕೊಳೆತವು. ತಿಂಗಳ ಮೇಲೆ ಮಣ್ಣು ಕೆದಕಿ ನೋಡಿದರೆ ಉಳಿದವು ಹಾಕಿದ ಹಾಗೇ ಇವೆ, ಕಲ್ಲಿನಷ್ಟು ಗಟ್ಟಿ. ಬೀಜ ಜೊಳ್ಳಾಗಿತ್ತಾ?

ಉತ್ತರ: ಜೊಳ್ಳಲ್ಲ ಅಕ್ಕ. ಜೊಳ್ಳಾಗಿದ್ದರೆ ಆ ಮಳೆಗೆ ಎಂದೋ ಕರಗಿ ಹೋಗುತ್ತಿತ್ತು. ಇದು ಅವರೆ, ಅಲಸಂದೆಯ ಜಾತಿಯದೇ ಬಳ್ಳಿ. ಆದರೆ ಅವುಗಳ ಹಾಗೆ ಬೀಜ ಒಂದೇ ರಾತ್ರಿಗೆ ನೆನೆಯುವುದಿಲ್ಲ. ಸಿಪ್ಪೆ ನೀರನ್ನು ಒಳಗೇ ಬಿಡುವುದಿಲ್ಲ. ಸಿಪ್ಪೆಗೆ ಒಂದು ಗಾಯ ಆಗಬೇಕು.

ಬೀಜಕ್ಕೆ ಒಂದು ಕಡೆ ಕಣ್ಣು ಇರುತ್ತದೆ. ಅದನ್ನು ಮುಟ್ಟಬೇಡಿ, ಮೊಳಕೆ ಬರುವುದು ಅಲ್ಲೇ. ಅದರ ಎದುರು ಬದಿಯನ್ನು ಉಪ್ಪುಕಾಗದಕ್ಕೆ ನಾಲ್ಕೈದು ಸಲ ಉಜ್ಜಿ, ಒಳಗಿನ ಬಿಳಿ ಸ್ವಲ್ಪ ಕಂಡರೆ ಸಾಕು. ಉಗುರು ಕತ್ತರಿಯಲ್ಲಿ ಚೂರು ಚಿವುಟಿದರೂ ಆಗುತ್ತದೆ. ಆಮೇಲೆ ಉಗುರುಬೆಚ್ಚಗಿನ ನೀರಲ್ಲಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಉಬ್ಬಿದ್ದನ್ನು ಬಿತ್ತಿ. ಒಂದು ಸೆಂಟಿಮೀಟರ್ ಆಳ, ಅಷ್ಟೇ. ವಾರದಿಂದ ಎರಡು ವಾರದೊಳಗೆ ತಲೆ ಎತ್ತುತ್ತದೆ.

ಇನ್ನು ಜೂನ್. ನಮ್ಮ ಕಡೆ ಜೂನ್‌ನಲ್ಲಿ ಬಯಲಲ್ಲಿ ಬೀಜ ಹಾಕುವುದು ಅಂದರೆ ಬಸವನಹುಳುವಿಗೆ ಊಟ ಬಡಿಸಿದ ಹಾಗೆ! ಅದು ಬಿಟ್ಟಿದ್ದನ್ನು ಕೊಳೆರೋಗ ತಿನ್ನುತ್ತದೆ. ಏಪ್ರಿಲ್ ಕೊನೆಗೆ ಕೊಟ್ಟೆಯಲ್ಲಿ (ಸಸಿ ಬೆಳೆಸುವ ಸಣ್ಣ ಚೀಲ) ಹಾಕಿ ಮಾಡಿನ ಅಂಚಲ್ಲಿ ಇಡಿ, ಬೆಳಕು ಬೀಳಬೇಕು, ಮಳೆ ಬೀಳಬಾರದು. ಜಂಬಿಟ್ಟಿಗೆ ಮಣ್ಣಾದರೆ ಮರಳು ಬೆರೆಸಿ. ಕೊಟ್ಟಿಗೆ ಗೊಬ್ಬರ ಒಂದು ಹಿಡಿ ಹಾಕಿ, ಜಾಸ್ತಿ ಬೇಡ.

ಪ್ರಶ್ನೆ (ತೀರ್ಥಹಳ್ಳಿ ಹತ್ತಿರದಿಂದ): ಸರ್, ನಮ್ಮಲ್ಲಿ ಬಳ್ಳಿ ಮಾಡಿನವರೆಗೆ ಏರಿದೆ, ಬರೀ ಎಲೆ. ಹೂವೇ ಇಲ್ಲ. ತಿಂಗಳಿಗೊಮ್ಮೆ ಯೂರಿಯಾ ಕೊಡುತ್ತಿದ್ದೇನೆ.

ಉತ್ತರ: ಯೂರಿಯಾ ಇವತ್ತೇ ನಿಲ್ಲಿಸಿ. ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲೇ ಹಿಡಿದಿಟ್ಟುಕೊಳ್ಳುವ ಬಳ್ಳಿ ಇದು. ಮೇಲಿಂದ ನೀವೂ ಕೊಟ್ಟರೆ ಸೊಪ್ಪು ಬೆಳೆಯದೆ ಇನ್ನೇನು? ಒಲೆ ಬೂದಿ ಸ್ವಲ್ಪ ಹಾಕಿ. ತುದಿ ಚಿವುಟಿ, ಪಕ್ಕದ ಕವಲು ಬರುತ್ತದೆ. ಬಿಸಿಲು ಎಷ್ಟು ಹೊತ್ತು ಬೀಳುತ್ತದೆ ನೋಡಿ. ದಿನಕ್ಕೆ ಐದಾರು ಗಂಟೆ ಬೇಕು. ಅಡಿಕೆ ತೋಟದ ನೆರಳಲ್ಲಿ ಹೂ ಕೇಳಬೇಡಿ.

ಪ್ರಶ್ನೆ (ಶಿವಮೊಗ್ಗ): ಬಾಲ್ಕನಿಯ ಕುಂಡದಲ್ಲಿ ಆಗುತ್ತಾ? ಈ ಹೂವಿನ ನೀಲಿ ಟೀ ಮಾಡುವ ಆಸೆ.

ಉತ್ತರ: ಆಗುತ್ತದೆ ಮೇಡಂ. ಒಂದಡಿ ಆಳದ ಕುಂಡ, ಹಬ್ಬಲು ನಾಲ್ಕು ಅಡಿಕೆ ದಬ್ಬೆ ಸಾಕು. ಈ ಬಳ್ಳಿಗೆ ತಾಯಿಬೇರು ಕದಲಿಸಿದರೆ ಆಗುವುದಿಲ್ಲ, ಹಾಗಾಗಿ ನೇರ ಕುಂಡಕ್ಕೇ ಬೀಜ ಹಾಕಿ. ಟೀಗೆ ನಿಂಬೆಹುಳಿ ಹಿಂಡಿ ನೋಡಿ, ನೀಲಿ ಹೋಗಿ ನೇರಳೆ ಬಣ್ಣ ಬರುತ್ತದೆ. ಬೀಜವನ್ನು ಮಾತ್ರ ಮಕ್ಕಳ ಕೈಗೆ ಕೊಡಬೇಡಿ, ತಿಂದರೆ ಭೇದಿಯಾಗುತ್ತದೆ. ಔಷಧಿ ಗುಣ ಎಲ್ಲ ವೈದ್ಯರನ್ನು ಕೇಳಿ, ನಾನು ಗಿಡದವನು.

ಪ್ರಶ್ನೆ (ಹೊಸನಗರ, ಮತ್ತೆ): ಅಣ್ಣ, ನೀವು ಹೇಳಿದ ಹಾಗೇ ನಿನ್ನೆ 10 ಬೀಜ ಉಜ್ಜಿ ನೆನೆಹಾಕಿದ್ದೆ. ಎಂಟು ಉಬ್ಬಿವೆ. ಎರಡು ಹಾಗೇ ಇವೆ. ಬಿಸಾಡಲಾ?

ಉತ್ತರ: ಬೇಡ ಬೇಡ. ಉಜ್ಜಿದ್ದು ಸಾಲಲಿಲ್ಲ ಅಷ್ಟೇ. ಒರೆಸಿ, ಇನ್ನೊಮ್ಮೆ ಉಜ್ಜಿ, ಇವತ್ತು ರಾತ್ರಿ ಮತ್ತೆ ನೀರಿಗೆ ಹಾಕಿ. ಉಬ್ಬಿದ ಎಂಟನ್ನು ನಾಳೆಗೆ ಅಂತ ಇಟ್ಟುಕೊಳ್ಳಬೇಡಿ, ಈಗಲೇ ಕೊಟ್ಟೆಗೆ ಹಾಕಿ.