ಹಾಡು ಗೊತ್ತು, ಸಿನಿಮಾ ಗೊತ್ತಿಲ್ಲ: ಮರೆತುಹೋದ ಯಾವ ಚಿತ್ರ ತೋರಿಸಲಿ?

ಕೇಳಿದವರು, ಮೈಸೂರು ಕುವೆಂಪುನಗರದಿಂದ:

ನಮ್ಮ ಅಪಾರ್ಟ್‌ಮೆಂಟ್ ಟೆರೇಸ್ ಮೇಲೆ ತಿಂಗಳಿಗೊಂದು ಭಾನುವಾರ ಸಂಜೆ ಹಳೇ ಕನ್ನಡ ಸಿನಿಮಾ ಹಾಕುತ್ತೇವೆ. ಅಪ್ಪನ ಬಿಳಿ ಪಂಚೆಯೇ ಪರದೆ, ಪ್ರೊಜೆಕ್ಟರ್ ತಮ್ಮನದು. ಇಪ್ಪತ್ತೈದು ಜನ ಸೇರುತ್ತಾರೆ. ಅರ್ಧ ರಿಟೈರ್ ಆದವರು, ಅರ್ಧ ಕಾಲೇಜು ಹುಡುಗರು. 'ನಾಗರಹಾವು', 'ಬಂಗಾರದ ಮನುಷ್ಯ' ಎಲ್ಲರಿಗೂ ಬಾಯಿಪಾಠ. ಜನ ಮರೆತೇಬಿಟ್ಟಿರುವ, ಆದರೆ ನೋಡಿದವರು ಮಾತ್ರ ಬಿಡದೆ ಹೊಗಳುವಂಥದ್ದು ಬೇಕು. ಹೋದ ತಿಂಗಳು ಒಂದು ಪ್ರಶಸ್ತಿ ಚಿತ್ರ ಹಾಕಿದೆ. ಇಂಟರ್‌ವಲ್‌ಗೆ ಮುಂಚೆಯೇ ಅರ್ಧ ಜನ ಕುರ್ಚಿ ಸಮೇತ ಕೆಳಗಿಳಿದರು. ಯಾರಾದರೂ ಹೀಗೆ ತೋರಿಸಿ ನೋಡಿದ್ದೀರಾ? ಬರೀ ಪಟ್ಟಿ ಬೇಡ, ಅನುಭವ ಹೇಳಿ.

ಸರಸ್ವತಿಪುರಂನಿಂದ:

ಎರಡು ವರ್ಷ ನಮ್ಮ ಬೀದಿಯಲ್ಲಿ ಇದೇ ಕೆಲಸ ಮಾಡಿದ್ದೇನೆ, ಬೈಸಿಕೊಂಡೂ ಇದ್ದೇನೆ. ನನಗೆ ಸಿಕ್ಕ ಉಪಾಯ ಒಂದೇ. ಹಾಡು ಎಲ್ಲರಿಗೂ ಗೊತ್ತಿದ್ದು, ಸಿನಿಮಾ ಯಾರೂ ನೋಡಿರದಂಥದ್ದನ್ನು ಆರಿಸಿ. ಥಿಯೇಟರಿನಿಂದ ಹೋದ ಎಷ್ಟೋ ಚಿತ್ರಗಳ ಹಾಡನ್ನು ಆಕಾಶವಾಣಿ ಉಳಿಸಿಕೊಟ್ಟಿದೆ. (ಆಕಾಶವಾಣಿ ಅನ್ನುವ ಹೆಸರು ಹುಟ್ಟಿದ್ದೂ ನಮ್ಮ ಮೈಸೂರಿನಲ್ಲೇ, ಅದು ಬೇರೆ ಮಾತು.)

'ಹಾಡೊಂದ ಹಾಡುವೆ, ನೀ ಕೇಳು ಮಗುವೆ' ಕೇಳದ ಮನೆ ಇಲ್ಲ. ಅದು 1964ರ 'ನಾಂದಿ'ಯದು ಅಂತ ಎಷ್ಟು ಜನಕ್ಕೆ ಗೊತ್ತು? ಎನ್. ಲಕ್ಷ್ಮೀನಾರಾಯಣ್ ಅವರ ಮೊದಲ ಚಿತ್ರ. ರಾಜ್‌ಕುಮಾರ್ ಇಲ್ಲಿ ಸಾಧಾರಣ ಮೇಷ್ಟ್ರು. ಫೈಟ್ ಇಲ್ಲ, ಅಬ್ಬರ ಇಲ್ಲ. ಹರಿಣಿ ಮಾಡಿರುವ ಹೆಂಡತಿಗೆ ಕಿವಿ ಕೇಳುವುದಿಲ್ಲ, ಮಾತು ಬರುವುದಿಲ್ಲ. ಇಷ್ಟು ತಿಳಿದುಕೊಂಡು ಆ ಲಾಲಿ ಇನ್ನೊಮ್ಮೆ ಕೇಳಿ. 'ನೀ ಕೇಳು' ಅನ್ನುವ ಎರಡು ಮಾತು ಬೇರೆಯೇ ಥರ ಚುಚ್ಚುತ್ತವೆ. ನಮ್ಮ ಬೀದಿಯಲ್ಲಿ ಹಾಡು ಶುರುವಾದ ಕೂಡಲೇ ಹಿಂದೆ ಕೂತಿದ್ದ ಅಜ್ಜಿಯರು ಜೊತೆಗೆ ಹಾಡಿದರು. ಎರಡನೇ ಚರಣದ ಹೊತ್ತಿಗೆ ಒಬ್ಬೊಬ್ಬರೇ ನಿಲ್ಲಿಸಿದರು. ಸೆರಗು ಕಣ್ಣಿಗೆ ಹೋಗಿತ್ತು.

ಇನ್ನೊಂದು 'ಅಪರಿಚಿತ', 1978. 'ಸವಿ ನೆನಪುಗಳು ಬೇಕು' ಇದರದೇ ಹಾಡು. ವಾಣಿ ಜಯರಾಂ ಹಾಡಿದ್ದು, ಎಲ್. ವೈದ್ಯನಾಥನ್ ಸಂಗೀತ. ಹಾಡು ಕೇಳಿ ಇದು ಯಾವುದೋ ಮೆತ್ತಗಿನ ಪ್ರೇಮಕಥೆ ಅಂದುಕೊಂಡು ಬರುತ್ತಾರೆ. ಬಂದರೆ ಸಸ್ಪೆನ್ಸ್! ಕಾಶೀನಾಥ್ ಅಂದರೆ ಡಬಲ್ ಮೀನಿಂಗ್ ಅಂತ ನಗುವವರು ಅವರೇ ನಿರ್ದೇಶಿಸಿದ ಇದನ್ನು ಮೊದಲು ನೋಡಬೇಕು. ಶೋಭಾ, ಸುರೇಶ್ ಹೆಬ್ಳೀಕರ್ ಇದ್ದಾರೆ.

ಆದರೆ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಯಾರೋ ಪೆನ್‌ಡ್ರೈವ್‌ನಲ್ಲಿ ಕೊಟ್ಟ ಕಾಪಿಯನ್ನು ಮೊದಲ ಐದು ನಿಮಿಷ ನೋಡಿ ಸರಿಯಾಗಿದೆ ಅಂತ ಹಾಕಿಬಿಟ್ಟೆ. ಗುಟ್ಟು ಬಿಚ್ಚುವ ಹೊತ್ತಿಗೆ ಪರದೆ ಕಪ್ಪಾಯಿತು. ಕೊನೆಯ ಭಾಗ ಅದರಲ್ಲಿ ಇರಲೇ ಇಲ್ಲ. ಮೂವತ್ತು ಜನ ನನ್ನ ಮುಖ ನೋಡುತ್ತಿದ್ದಾರೆ. ಆಗ ಹಳೇ ಕಾಲದಲ್ಲಿ ಥಿಯೇಟರಿನಲ್ಲೇ ನೋಡಿದ್ದ ಒಬ್ಬರು ಎದ್ದು ನಿಂತು ಕಥೆ ಹೇಳೋಕೆ ಶುರು ಮಾಡಿದರು. ಅವರ ಹೆಂಡತಿ ಕೂತಲ್ಲಿಂದಲೇ, 'ಅಲ್ಲ ರೀ, ನೀವು ಹೇಳ್ತಿರೋದು ಬೇರೆ ಸಿನಿಮಾದ್ದು' ಅಂದರು. ಇಬ್ಬರಿಗೂ ಜಗಳ. ಆವತ್ತಿನಷ್ಟು ಮಜಾ ಮತ್ತೆ ಯಾವ ಶೋದಲ್ಲೂ ಬರಲಿಲ್ಲ, ನಿಜ. ಆದರೂ ಕೊನೆಯ ಹತ್ತು ನಿಮಿಷ ಮೊದಲೇ ಓಡಿಸಿ ನೋಡಿಕೊಳ್ಳಿ.

ಹಾಗೇ 'ಕಾಕನಕೋಟೆ', 1977. ಮಾಸ್ತಿಯವರ ನಾಟಕ, ಸಿ.ಆರ್. ಸಿಂಹ ನಿರ್ದೇಶನ. 'ನೇಸರ ನೋಡು' ಹಾಡು ಇದರದು, ಸಿ. ಅಶ್ವಥ್ ಸಂಗೀತ. ರಣಧೀರ ಕಂಠೀರವರ ಕಾಲದ ಕಾಡುಕುರುಬರ ಕಥೆ. ಎಚ್.ಡಿ. ಕೋಟೆ ಕಡೆಯ ಅದೇ ಕಾಡಿಗೆ ಈಗ ಸಫಾರಿ ಅಂತ ದುಡ್ಡು ಸುರಿದು ಹೋಗಿಬರುತ್ತೇವೆ. ಸಿನಿಮಾ ಸ್ವಲ್ಪ ನಾಟಕದಂತೆಯೇ ಇದೆ, ಮುಚ್ಚಿಡುವುದಿಲ್ಲ. ಹುಡುಗರು ಮೊಬೈಲ್ ತೆಗೆದರೆ ಬೇಜಾರು ಮಾಡಿಕೊಳ್ಳಬೇಡಿ.

ಮಂಡ್ಯದಿಂದ:

ಸರ್ ಹೇಳಿದ್ದು ಒಪ್ಪಿದೆ. ಹಾಗಾದ್ರೆ ಹಾಡೇ ಇಲ್ಲದ ಸಿನಿಮಾಗಳ ಗತಿ ಏನು? ರೇಡಿಯೋದಲ್ಲೂ ಬರಲ್ಲ, ಆರ್ಕೆಸ್ಟ್ರಾದಲ್ಲೂ ಬರಲ್ಲ. ಅವೇ ಜಾಸ್ತಿ ಅನಾಥ ಆಗಿರೋದು.

1985ರ 'ಆಕ್ಸಿಡೆಂಟ್' ತಗೊಳ್ಳಿ. ಶಂಕರ್‌ನಾಗ್ ನಿರ್ದೇಶನ, ಹಿನ್ನೆಲೆ ಸಂಗೀತ ಇಳಯರಾಜ, ಹಾಡಿಲ್ಲ. ರಾಜಕಾರಣಿಯ ಮಗ ನಶೆಯಲ್ಲಿ ಕಾರು ಓಡಿಸಿ ಫುಟ್‌ಪಾತ್ ಮೇಲೆ ಮಲಗಿದ್ದವರ ಮೇಲೆ ಹತ್ತಿಸುತ್ತಾನೆ. ಅಪ್ಪ ಅನಂತ್‌ನಾಗ್ ಅದನ್ನು ಮುಚ್ಚಿಹಾಕಲು ಹೊರಡುತ್ತಾನೆ. ಬೆನ್ನು ಹತ್ತುವ ಪತ್ರಕರ್ತ ಶಂಕರ್‌ನಾಗ್. ರಾಷ್ಟ್ರ ಪ್ರಶಸ್ತಿಯೂ ಬಂತು. ನಾನು ಇದನ್ನು ನಮ್ಮ ಬಡಾವಣೆಯ ಹಾಸ್ಟೆಲ್ ಹುಡುಗರಿಗೆ ತೋರಿಸಿದೆ. ಶಂಕ್ರಣ್ಣ ಅಂದರೆ ಆಟೋ ಹಿಂದಿನ ಫೋಟೋ ಅಷ್ಟೇ ಗೊತ್ತಿದ್ದ ಹುಡುಗರು. ಮುಗಿದ ಮೇಲೆ ಒಬ್ಬ ಕೇಳಿದ್ದು ಇಷ್ಟೇ: 'ಅಣ್ಣ, ಇದು ಹೋದ ವರ್ಷದ ನ್ಯೂಸ್ ಅಲ್ವಾ?'

ಸುನೀಲ್‌ಕುಮಾರ್ ದೇಸಾಯಿಯವರ 'ತರ್ಕ' (1989) ಕೂಡ ಹಾಡಿಲ್ಲದ್ದೇ. ಮಳೆಗಾಲದಲ್ಲಿ ಹಾಕಿ, ಲೈಟ್ ಎಲ್ಲಾ ಆರಿಸಿ. ಇಷ್ಟಕ್ಕಿಂತ ಹೆಚ್ಚು ಹೇಳಿದರೆ ಕೆಟ್ಟುಹೋಗುತ್ತದೆ.

ಮನೆಮಂದಿಯೆಲ್ಲ ನಗಬೇಕು ಅಂದರೆ 'ಉಂಡೂ ಹೋದ ಕೊಂಡೂ ಹೋದ', 1992. ನಮ್ಮ ನಾಗಮಂಗಲ ಕಡೆಯ ನಾಗತಿಹಳ್ಳಿ ಚಂದ್ರಶೇಖರ್ ಅವರ ಮೊದಲ ಸಿನಿಮಾ. ಅನಂತ್‌ನಾಗ್ ಹಳ್ಳಿಯೊಂದಕ್ಕೆ ಟೋಪಿ ಹಾಕುವ ಕಥೆ. ಮೋಸ ಹೋದವರೂ ನಗುವಂಥ ಮೋಸ.

ಯಾದವಗಿರಿಯಿಂದ:

'ಬ್ಯಾಂಕರ್ ಮಾರ್ಗಯ್ಯ' ಯಾರೂ ಹೇಳಲಿಲ್ಲವಲ್ಲ! ನಮ್ಮ ಏರಿಯಾದಲ್ಲೇ ಮನೆ ಕಟ್ಟಿಕೊಂಡಿದ್ದ ಆರ್.ಕೆ. ನಾರಾಯಣ್ ಅವರ ಕಾದಂಬರಿ, 1983ರಲ್ಲಿ ಟಿ.ಎಸ್. ನಾಗಾಭರಣ ತೆಗೆದದ್ದು. ಆ ಮನೆ ಈಗ ಮ್ಯೂಸಿಯಂ. ಬೆಳಿಗ್ಗೆ ಮ್ಯೂಸಿಯಂ, ಸಂಜೆ ಸಿನಿಮಾ ಅಂತ ಇಟ್ಟುಕೊಳ್ಳಿ. ನಾವು ಹಾಗೇ ಮಾಡಿದೆವು, ಮಕ್ಕಳೂ ಬಂದರು.

ಸಹಕಾರಿ ಬ್ಯಾಂಕಿನ ಎದುರು ಮರದ ಕೆಳಗೆ ಒಂದು ತಗಡಿನ ಪೆಟ್ಟಿಗೆ ಇಟ್ಟುಕೊಂಡು, ರೈತರಿಗೆ ಸಾಲದ ಅರ್ಜಿ ತುಂಬಿಕೊಟ್ಟು ಬದುಕುವವನು ಮಾರ್ಗಯ್ಯ. ಆ ಪಾತ್ರ ಲೋಕನಾಥ್ ಅವರದು. 'ಭೂತಯ್ಯನ ಮಗ ಅಯ್ಯು'ವಿನಲ್ಲಿ ಉಪ್ಪಿನಕಾಯಿ ನೆಕ್ಕಿದವರು ಅಂದರೆ ಸಾಕು, ಎಲ್ಲರಿಗೂ ಗೊತ್ತಾಗುತ್ತದೆ. ಅಂಥವರಿಗೆ ಇಡೀ ಸಿನಿಮಾ ಕೊಟ್ಟರೆ ಏನಾಗುತ್ತದೆ ಅಂತ ಇಲ್ಲಿ ನೋಡಬೇಕು. ನನ್ನ ಮಾವ ನಲವತ್ತು ವರ್ಷ ಬ್ಯಾಂಕಿನಲ್ಲಿದ್ದವರು. ಪೂರ್ತಿ ನೋಡಿ, 'ನಮ್ಮ ಬ್ರಾಂಚ್ ಎದುರೂ ಒಬ್ಬ ಇದ್ದ ಕಣಮ್ಮ' ಅಂತ ಊಟದವರೆಗೂ ಅವನ ಕಥೆಯೇ ಹೇಳಿದರು.

ಲೋಕನಾಥ್ ಹಿಡಿಸಿದರೆ ಮುಂದಿನ ತಿಂಗಳು 'ಮಿಂಚಿನ ಓಟ' (1980) ಹಾಕಿ. ನಾಗ್ ಸಹೋದರರ ಜೊತೆ ಜೈಲಿನಿಂದ ತಪ್ಪಿಸಿಕೊಳ್ಳುವವರಲ್ಲಿ ಅವರೂ ಒಬ್ಬರು.

ಶ್ರೀರಂಗಪಟ್ಟಣದಿಂದ:

ಕಾಲೇಜು ಹುಡುಗರಿಗೆ 'ಒಂದಾನೊಂದು ಕಾಲದಲ್ಲಿ' ಬಿಟ್ಟು ಬೇರೆ ಬೇಡ. ಕಾರ್ನಾಡರದು, 1978. ಶಂಕರ್‌ನಾಗ್, ಸುಂದರಕೃಷ್ಣ ಅರಸ್ ಕತ್ತಿ ಹಿಡಿದರೆ ಈಗಿನ ಗ್ರಾಫಿಕ್ಸ್ ಎಲ್ಲಾ ಸಪ್ಪೆ. ಒಂದು ಮಾತು, ಶುರು ಮಾಡುವ ಮೊದಲು ಭಾಷಣ ಬೇಡ. 'ಇದು ಕಲಾತ್ಮಕ ಚಿತ್ರ' ಅಂದಿರೋ, ಕುರ್ಚಿ ಎದ್ದವು.

ಮದ್ದೂರಿನಿಂದ, ಕೇಬಲ್ ಕೆಲಸದಲ್ಲಿದ್ದವನು:

ಹಳೇ ಚಿತ್ರ ಹೆಚ್ಚು ಕಡಿಮೆ ಚೌಕ. ಟಿವಿ ತುಂಬಲಿ ಅಂತ ಅಗಲಕ್ಕೆ ಎಳೆದ ಕಾಪಿಗಳೇ ನೆಟ್‌ನಲ್ಲಿ ಜಾಸ್ತಿ. ಕಲ್ಪನಾ ಮುಖ ಇಡ್ಲಿ ಥರ ಕಂಡರೆ ಆ ಕಾಪಿ ಬಿಟ್ಟು ಬೇರೆ ಹುಡುಕಿ. ಚಿತ್ರ ಸ್ವಲ್ಪ ಮಸುಕಿದ್ದರೆ ನಡೆಯುತ್ತದೆ, ಮಾತು ಕೇಳದಿದ್ದರೆ ಯಾರೂ ಕೂರಲ್ಲ. ಪ್ರೊಜೆಕ್ಟರಿನ ಸ್ಪೀಕರ್ ನಂಬಬೇಡಿ. ಬೇರೆ ಸ್ಪೀಕರ್ ತಂದು ಪಂಚೆಯ ಪಕ್ಕ ಇಡಿ. ಮತ್ತೆ ಸೊಳ್ಳೆಬತ್ತಿ ಎರಡು.

ಕೇಳಿದವರು, ಮತ್ತೆ:

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಈ ಭಾನುವಾರ 'ನಾಂದಿ'. ಕೊನೆಯ ಹತ್ತು ನಿಮಿಷ ನೋಡಿಕೊಂಡೆ, ಇದೆ. ಮುಂದಿನ ತಿಂಗಳು 'ಆಕ್ಸಿಡೆಂಟ್', ಹುಡುಗರ ಪಾಲಿಗೆ. ಲಿಫ್ಟಿನಲ್ಲಿ ಚೀಟಿ ಅಂಟಿಸುತ್ತಿದ್ದಾಗ ಮೂರನೇ ಮಹಡಿಯ ಅಜ್ಜಿ ಓದಿ, 'ಲಾಲಿ ಹಾಡು ಬರುತ್ತಲ್ಲ, ಜೊತೆಗೆ ಹಾಡಬಹುದೇನಪ್ಪಾ?' ಅಂತ ಕೇಳಿದರು. ಎರಡನೇ ಚರಣದವರೆಗೆ ಹಾಡಿ ಅಜ್ಜಿ ಅಂದೆ.