ಅಮೆರಿಕ ಸದಸ್ಯನೇ ಅಲ್ಲ, ಆದರೂ ಯುರೋಪ್ ಒಕ್ಕೂಟದ ವಿದೇಶಾಂಗ ನೀತಿಯಲ್ಲಿ ಅದರ ಮಾತು ಯಾಕೆ ನಡೆಯುತ್ತದೆ?

ಸುಮ್ನೆ_ಕೇಳ್ದೆ: 1993ರಿಂದ ಯುರೋಪ್ ಒಕ್ಕೂಟಕ್ಕೆ ಒಂದೇ ವಿದೇಶಾಂಗ ನೀತಿ ಅಂತ ಇದೆ. ಅದಕ್ಕೊಬ್ಬ ಮುಖ್ಯಸ್ಥರೂ ಇದ್ದಾರೆ. ಆದರೂ ಯುದ್ಧ, ನಿರ್ಬಂಧ ಅಂತ ಬಂದಾಗ ಎಲ್ಲರ ಕಣ್ಣು ವಾಷಿಂಗ್ಟನ್ ಕಡೆಗೇ. ಒತ್ತಡ ಹಾಕುವುದು ನಿಜವಾಗಿ ಹೇಗೆ? ಫೋನ್ ಮಾಡಿ ಹೇಳ್ತಾರಾ?

ಹಳೇ_ಪೇಪರ್: ಒಕ್ಕೂಟದ ಕಚೇರಿಗಳಿರುವ ಬ್ರಸೆಲ್ಸ್‌ಗೆ ಫೋನ್ ಮಾಡುವ ಅಗತ್ಯವೇ ಇಲ್ಲ. ವಿದೇಶಾಂಗ ನೀತಿಯಲ್ಲಿ ಮುಖ್ಯ ತೀರ್ಮಾನಗಳಿಗೆಲ್ಲ ಸರ್ವಾನುಮತ ಬೇಕು, ಒಂದು ದೇಶ ಬೇಡ ಅಂದರೂ ನಿಂತುಹೋಗುತ್ತದೆ, ಹಾಗಾಗಿ ಒಂದೆರಡು ರಾಜಧಾನಿಗಳನ್ನು ಒಲಿಸಿಕೊಂಡರೆ ಸಾಕು. ಇರಾಕ್ ವಿಷಯ ನೋಡಿ, ಅಮೆರಿಕದ ಅಧ್ಯಕ್ಷ ಬುಷ್ ಅಲ್ಲಿ ಯುದ್ಧಕ್ಕೆ ಹೊರಟಿದ್ದ ಸಮಯ. 2003ರ ಜನವರಿ 27ಕ್ಕೆ ಒಕ್ಕೂಟದ ವಿದೇಶಾಂಗ ಸಚಿವರು ಕೂತು ಹೇಗೋ ಒಂದು ಸಮಾನ ನಿಲುವಿಗೆ ಬಂದರು. ಮೂರೇ ದಿನಕ್ಕೆ ಬ್ರಿಟನ್, ಸ್ಪೇನ್, ಇಟಲಿ, ಪೋರ್ಚುಗಲ್, ಡೆನ್ಮಾರ್ಕ್, ಜೊತೆಗೆ ಇನ್ನೂ ಒಕ್ಕೂಟ ಸೇರದ ಪೋಲೆಂಡ್, ಹಂಗೇರಿ, ಝೆಕ್ ನಾಯಕರು ಪತ್ರಿಕೆಗಳಲ್ಲಿ ಅಮೆರಿಕದ ಪರ ಪತ್ರ ಹಾಕಿಸಿದರು. ಆಗ ಸರದಿಯಂತೆ ಒಕ್ಕೂಟದ ಅಧ್ಯಕ್ಷ ಸ್ಥಾನದಲ್ಲಿದ್ದ ಗ್ರೀಸ್‌ಗೂ ತಿಳಿಸಿರಲಿಲ್ಲ! ಫ್ರಾನ್ಸಿನ ಅಧ್ಯಕ್ಷ ಶಿರಾಕ್‌ಗೆ ಸಿಟ್ಟು ನೆತ್ತಿಗೇರಿತ್ತು. ಸೇರಲು ಕಾಯುತ್ತಿದ್ದ ದೇಶಗಳು ಬಾಯಿ ಮುಚ್ಚಿಕೊಂಡಿರುವ ಒಳ್ಳೇ ಅವಕಾಶ ಕಳೆದುಕೊಂಡವು ಅಂತ ಬಹಿರಂಗವಾಗಿಯೇ ಹೇಳಿಬಿಟ್ಟರು.

ಲೆಕ್ಕಿಗ: ಒಗ್ಗಟ್ಟು ಇದ್ದರೂ ಆಗಲ್ಲ, ಅದಕ್ಕೇನಂತೀರಿ? 2018ರಲ್ಲಿ ಟ್ರಂಪ್ ಇರಾನ್ ಅಣು ಒಪ್ಪಂದದಿಂದ ಹೊರನಡೆದಾಗ ಯುರೋಪ್ ಒಂದೇ ದನಿಯಲ್ಲಿ ವಿರೋಧಿಸಿತು. ಅಮೆರಿಕದ ನಿರ್ಬಂಧಕ್ಕೆ ನಮ್ಮ ಕಂಪನಿಗಳು ತಲೆಬಾಗಬಾರದು ಅಂತ ಹಳೇ ಕಾನೂನನ್ನೂ ಹೊರಗೆ ತೆಗೆಯಿತು. ಫ್ರಾನ್ಸಿನ ತೈಲ ಕಂಪನಿ ಟೋಟಲ್ ಮಾತ್ರ ಇರಾನಿನ ಸೌತ್ ಪಾರ್ಸ್ ಅನಿಲ ಯೋಜನೆ ಬಿಟ್ಟು ಹೊರಟೇ ಹೋಯಿತು, ಯಾಕಂದ್ರೆ ಕಂಪನಿಗೆ ಸಾಲ ಕೊಡುವುದರಲ್ಲಿ ಅಮೆರಿಕದ ಬ್ಯಾಂಕುಗಳದ್ದೇ ದೊಡ್ಡ ಪಾಲು. ಡಾಲರ್ ಮುಟ್ಟದೆ ವ್ಯಾಪಾರ ಮಾಡೋಣ ಅಂತ 2019ರಲ್ಲಿ ಇನ್‌ಸ್ಟೆಕ್ಸ್ ಅನ್ನುವ ಸಂಸ್ಥೆ ಕಟ್ಟಿದರು. ಮೊದಲ ವಹಿವಾಟು ಮುಗಿಯುವಷ್ಟರಲ್ಲಿ 2020 ಬಂದಿತ್ತು. ಅದೂ ವೈದ್ಯಕೀಯ ಸಾಮಾನು. 2023ರಲ್ಲಿ ಬಾಗಿಲು ಹಾಕಿದರು.

ಸುಮ್ನೆ_ಕೇಳ್ದೆ: ಹಾಗಾದ್ರೆ ಯುರೋಪ್ ಯಾವತ್ತೂ ಗೆದ್ದೇ ಇಲ್ವಾ?

ಹಳೇ_ಪೇಪರ್: ಗೆದ್ದಿದೆ, ಅದೂ ಅದೇ 2003ರಲ್ಲಿ, ಅದೇ ಬುಷ್ ಎದುರು. ಉಕ್ಕಿನ ಮೇಲೆ ಬುಷ್ ಹಾಕಿದ್ದ ಸುಂಕ ತಪ್ಪು ಅಂತ ವಿಶ್ವ ವ್ಯಾಪಾರ ಸಂಸ್ಥೆ ಹೇಳಿತು, ನಾವೂ ಸುಂಕ ಹಾಕ್ತೀವಿ ಅಂತ ಒಕ್ಕೂಟ ಪಟ್ಟು ಹಿಡಿಯಿತು, ಡಿಸೆಂಬರ್‌ನಲ್ಲಿ ಬುಷ್ ವಾಪಸ್ ತೆಗೆದರು. ವ್ಯಾಪಾರದಲ್ಲಿ ಎಲ್ಲರ ಪರವಾಗಿ ಮಾತಾಡುವುದು ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್, ಬಹುಮತ ಇದ್ದರೆ ಸಾಮಾನ್ಯವಾಗಿ ಕೆಲಸ ನಡೆಯುತ್ತದೆ. ವಿದೇಶಾಂಗ ನೀತಿಗೂ ಅದೇ ನಿಯಮ ತಂದರೆ ಅರ್ಧ ತಲೆನೋವು ಹೋಗುತ್ತದೆ. ಆದರೆ ನಿಯಮ ಬದಲಿಸುವುದಕ್ಕೂ ಎಲ್ಲರೂ ಒಪ್ಪಬೇಕಲ್ವಾ!

ಲೆಕ್ಕಿಗ: 2003ರ ಕಥೆ ಈಗ ನಡೆಯಲ್ಲ ಸಾರ್. 2025ರ ಜುಲೈನಲ್ಲಿ ಅದೇ ಕಮಿಷನ್ ಯುರೋಪಿನ ಬಹುಪಾಲು ಸರಕಿನ ಮೇಲೆ ಅಮೆರಿಕ ಹಾಕುವ ಶೇ 15 ಸುಂಕಕ್ಕೆ ಒಪ್ಪಿಕೊಂಡು ಬಂತು. ಇದು ಬರೀ ವ್ಯಾಪಾರದ ಮಾತಲ್ಲ, ಭದ್ರತೆ, ಉಕ್ರೇನ್ ಎಲ್ಲ ಇದೆ ಅಂತ ವ್ಯಾಪಾರ ಕಮಿಷನರೇ ಹೇಳಿದರು. ಒಕ್ಕೂಟದ 27ರಲ್ಲಿ 23 ದೇಶಗಳು ಅಮೆರಿಕ ಮುಂದಿರುವ ಸೇನಾ ಕೂಟ ನ್ಯಾಟೋದಲ್ಲಿವೆ, ಪಕ್ಕದಲ್ಲೇ ಯುದ್ಧ ನಡೀತಿದೆ. ಹೀಗಿರುವಾಗ ಸುಂಕದ ಮಾತುಕತೆಯಲ್ಲಿ ಎಷ್ಟು ಅಂತ ಗಟ್ಟಿಯಾಗಿ ನಿಲ್ಲೋದು?